ಸಾಕುನಾಯಿಗಳಲ್ಲಿ ಉಣ್ಣೆ ಜ್ವರ: ಗುರುತಿಸುವಿಕೆ, ಚಿಕಿತ್ಸೆ ಮತ್ತು ನಿಯಂತ್ರಣ

ತೋಟ ಹಾಗೂ ಕೊಟ್ಟಿಗೆಯ ಕಾವಲಿಗಿರುವ ನಾಯಿಯು ಇದ್ದಕ್ಕಿದ್ದಂತೆ ಆಹಾರ ತ್ಯಜಿಸಿ ಮಲಗುವುದು, ಮೂಗಿನಿಂದ ರಕ್ತ ಸುರಿಸುವುದು ಉಂಟು. ಇದನ್ನು ಹಾವಿನ ಕಡಿತ ಅಥವಾ ವಿಷಪ್ರಾಶನವೆಂದು ಭಾವಿಸುವುದು ಸಹಜ. ಆ ಸಾಧ್ಯತೆಗಳನ್ನೂ ಪರಿಶೀಲಿಸಬೇಕು. ಆದರೆ ಇಂತಹ ಲಕ್ಷಣಗಳಿಗೆ ಉಣ್ಣೆಗಳಿಂದ ಹರಡುವ ಎರ್ಲಿಕಿಯೋಸಿಸ್ ರೋಗವೂ ಪ್ರಮುಖ ಕಾರಣವಾಗಿದೆ. ಹಠಾತ್ತನೆ ಬಂದಂತೆ ತೋರಿದರೂ ಈ ರೋಗವು ವಾರಗಳ ಅಥವಾ ತಿಂಗಳುಗಳ ಹಿಂದೆಯೇ ದೇಹವನ್ನು ಸೇರಿರುತ್ತದೆ.

ರೋಗಕಾರಕ ಮತ್ತು ಹರಡುವ ಬಗೆ

ಎರ್ಲಿಕಿಯಾ ಕೇನಿಸ್ ಎಂಬ ಸೂಕ್ಷ್ಮಾಣುವು ಈ ರೋಗಕ್ಕೆ ಕಾರಣ. ಇದನ್ನು ಮೊದಲು 1935ರಲ್ಲಿ ಅಲ್ಜೀರಿಯಾ ದೇಶದಲ್ಲಿ ಗುರುತಿಸಲಾಯಿತು. ಕಂದು ಬಣ್ಣದ ನಾಯಿ ಉಣ್ಣೆಯು ರಕ್ತ ಹೀರುವಾಗ ಸೂಕ್ಷ್ಮಾಣುವು ನಾಯಿಯ ದೇಹವನ್ನು ಪ್ರವೇಶಿಸಿ ಬಿಳಿ ರಕ್ತಕಣಗಳಲ್ಲಿ ವೃದ್ಧಿಯಾಗುತ್ತದೆ.

ರೋಗದ ಹಂತಗಳು

1. ತೀವ್ರ ಹಂತ: ಉಣ್ಣೆ ಕಚ್ಚಿದ 1ರಿಂದ 3 ವಾರಗಳಲ್ಲಿ ಜ್ವರ, ಮಂಕುತನ, ಆಹಾರ ನಿರಾಕರಣೆ ಹಾಗೂ ದುಗ್ಧಗ್ರಂಥಿಗಳ ಊತ ಕಂಡುಬರುತ್ತವೆ. ನಾಯಿಯ ಸಾಮಾನ್ಯ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಈ ಹಂತದಲ್ಲಿ ಅದು 104ನ್ನೂ ಮೀರಬಹುದು.

2. ಸುಪ್ತ ಹಂತ: ಚಿಕಿತ್ಸೆಯಿಲ್ಲದೆಯೂ ಕೆಲವು ವಾರಗಳಲ್ಲಿ ನಾಯಿ ಚೇತರಿಸಿಕೊಂಡಂತೆ ಕಾಣುತ್ತದೆ. ರೋಗ ವಾಸಿಯಾಯಿತೆಂದು ಮಾಲೀಕರು ನಿಶ್ಚಿಂತರಾಗುವುದು ಇಲ್ಲಿಯೇ. ಸೂಕ್ಷ್ಮಾಣು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದೇಹದಲ್ಲಿ ಉಳಿದಿರುತ್ತದೆ.

3. ದೀರ್ಘಕಾಲಿಕ ಹಂತ: ಕೆಲವು ನಾಯಿಗಳಲ್ಲಿ ಅಸ್ಥಿಮಜ್ಜೆಯು ರಕ್ತಕಣಗಳನ್ನು ಉತ್ಪಾದಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್‌ಗಳು ಕುಸಿದು ಮೂಗಿನಿಂದ ರಕ್ತಸ್ರಾವ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳು, ಬಿಳಿಚಿದ ಒಸಡು ಕಾಣಿಸಿಕೊಳ್ಳುತ್ತವೆ. ಈ ಹಂತದಲ್ಲಿ ನಾಯಿಯನ್ನು ಉಳಿಸುವುದು ಕಷ್ಟಸಾಧ್ಯ. ಜರ್ಮನ್ ಶೆಫರ್ಡ್ ತಳಿಯಲ್ಲಿ ರೋಗವು ಹೆಚ್ಚು ಉಗ್ರವಾಗಿರುತ್ತದೆ.

ಪತ್ತೆ ಮತ್ತು ಚಿಕಿತ್ಸೆ

ರಕ್ತಲೇಪನ, ಪ್ಲೇಟ್‌ಲೆಟ್ ಎಣಿಕೆ ಹಾಗೂ ಪಿಸಿಆರ್ ಪರೀಕ್ಷೆಗಳಿಂದ ರೋಗವನ್ನು ಪತ್ತೆ ಮಾಡಬಹುದು. ಪಶುವೈದ್ಯರು ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಔಷಧವನ್ನು 28 ದಿನಗಳ ಕಾಲ ನೀಡುತ್ತಾರೆ. ತೀವ್ರ ಹಂತದಲ್ಲಿ ಒಂದೆರಡು ದಿನಗಳಲ್ಲೇ ನಾಯಿ ಗೆಲುವಾಗುವುದರಿಂದ ಔಷಧವನ್ನು ಅರ್ಧಕ್ಕೆ ನಿಲ್ಲಿಸುವ ಪ್ರವೃತ್ತಿ ಇದೆ, ಇದು ಸರಿಯಲ್ಲ. ಮೂತ್ರವು ಕೆಂಪು ಅಥವಾ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಉಣ್ಣೆಯಿಂದಲೇ ಹರಡುವ ಬೆಬೀಸಿಯೋಸಿಸ್ ಇರಬಹುದು. ಅದಕ್ಕೆ ಬೇರೆ ಚಿಕಿತ್ಸೆ ಅಗತ್ಯವಾದ್ದರಿಂದ ರಕ್ತಪರೀಕ್ಷೆಯಿಲ್ಲದೆ ಔಷಧ ಆರಿಸಬಾರದು.

ಮಾಡಬಾರದ ಕ್ರಮಗಳು

• ಮನುಷ್ಯರ ಜ್ವರ ಅಥವಾ ನೋವಿನ ಮಾತ್ರೆಗಳನ್ನು ನೀಡಬಾರದು. ಆಸ್ಪಿರಿನ್, ಐಬುಪ್ರೊಫೇನ್ ರಕ್ತಸ್ರಾವವನ್ನು ಹೆಚ್ಚಿಸುತ್ತವೆ.
• ಬೆಳೆಗೆ ಸಿಂಪಡಿಸುವ ಕೀಟನಾಶಕವನ್ನು ನಾಯಿಯ ಮೈಗೆ ಹಚ್ಚಬಾರದು. ಚರ್ಮದ ಮೂಲಕ ಹೀರಲ್ಪಟ್ಟು, ನೆಕ್ಕಿದಾಗ ಹೊಟ್ಟೆ ಸೇರಿ ಪ್ರಾಣಾಪಾಯ ಉಂಟಾಗುತ್ತದೆ.
• ನಾಯಿಯ ವರ್ತನೆ ಬದಲಾಗಿ, ಜೊಲ್ಲು ಸುರಿದು, ನುಂಗಲು ಕಷ್ಟಪಡುತ್ತಿದ್ದರೆ ರೇಬೀಸ್ ಶಂಕಿಸಬೇಕು. ಬಾಯಿಗೆ ಕೈ ಹಾಕದೆ, ಪ್ರತ್ಯೇಕಿಸಿ, ಪಶುವೈದ್ಯರಿಗೆ ತಿಳಿಸಬೇಕು.

ಉಣ್ಣೆ ನಿಯಂತ್ರಣ

ಈ ರೋಗಕ್ಕೆ ಲಸಿಕೆ ಬಳಕೆಯಲ್ಲಿಲ್ಲ. ಒಮ್ಮೆ ವಾಸಿಯಾದ ನಾಯಿಗೂ ಮತ್ತೆ ಸೋಂಕು ತಗಲಬಹುದು. ಆದ್ದರಿಂದ ಉಣ್ಣೆಗಳ ನಿಯಂತ್ರಣವೇ ಮುಖ್ಯ. ಪ್ರತಿದಿನ ಕಿವಿಯ ಒಳಭಾಗ, ಕುತ್ತಿಗೆ, ಬೆರಳುಗಳ ಸಂದು ಹಾಗೂ ಬಾಲದ ಬುಡವನ್ನು ಪರೀಕ್ಷಿಸಬೇಕು. ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ಸಮೀಪ ಹಿಡಿದು ನೇರವಾಗಿ ಎಳೆದು ಸ್ಪಿರಿಟ್‌ನಲ್ಲಿ ಹಾಕಬೇಕು, ಬರಿಗೈಯಿಂದ ಹೊಸಕಬಾರದು. ಹೆಣ್ಣು ಉಣ್ಣೆಯು ನಾಯಿಯಿಂದ ಕೆಳಗಿಳಿದು ಗೋಡೆಯ ಬಿರುಕು, ಗೂಡಿನ ಸಂದುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಆದಕಾರಣ ಬಿರುಕುಗಳನ್ನು ಮುಚ್ಚಿ, ಹಾಸಿಗೆಯನ್ನು ಬಿಸಿನೀರಿನಲ್ಲಿ ತೊಳೆದು, ಪಶುವೈದ್ಯರು ಸೂಚಿಸಿದ ಉಣ್ಣೆನಾಶಕವನ್ನು ಮನೆಯ ಎಲ್ಲ ನಾಯಿಗಳಿಗೂ ಒಟ್ಟಿಗೆ ಬಳಸಿ, ಸೂಚಿಸಿದ ಅಂತರದಲ್ಲಿ ಪುನರಾವರ್ತಿಸಬೇಕು.

ನಾಯಿ ಒಂದು ದಿನಕ್ಕಿಂತ ಹೆಚ್ಚು ಕಾಲ ಆಹಾರ ಬಿಟ್ಟು ಮಂಕಾಗಿದ್ದು, ಈಚೆಗೆ ಮೈಮೇಲೆ ಉಣ್ಣೆ ಕಂಡಿದ್ದರೆ ತಡಮಾಡದೆ ಸಮೀಪದ ಪಶು ಆಸ್ಪತ್ರೆಗೆ ಕರೆದೊಯ್ದು ಆ ವಿಷಯವನ್ನು ವೈದ್ಯರಿಗೆ ತಿಳಿಸುವುದು ಸೂಕ್ತ. ರಕ್ತಸ್ರಾವ ಕಂಡರೆ ಒಂದು ದಿನವೂ ಕಾಯಬಾರದು.