ಆಚೆ ಏನೂ ಇಲ್ಲವೆಂದರೆ ಈಚಿನದು ವ್ಯರ್ಥವೇ?



ನಮ್ಮ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳೇ. ಪಿ.ಬಿ. ಶ್ರೀನಿವಾಸ್ ಹಾಡು ಯಾಕೆ ಕಡಿಮೆ ಮಾಡಿದಿರಿ ಎಂಬ ಜಗಳವೂ ಇರುತ್ತದೆ. ಹೋದ ತಿಂಗಳು ಬಂದ ಒಂದು ಪತ್ರ ಮಾತ್ರ ಬೇರೆ ತರಹದ್ದು. ಬರೆದವರು ಕಾಚಿಗುಡ ಕಡೆಯ ಹಿರಿಯರು. ಹೆಂಡತಿ ತೀರಿಕೊಂಡು ಐದು ತಿಂಗಳಾಗಿದೆ, ನಲವತ್ತಾರು ವರ್ಷದ ಸಂಸಾರ. ಬಂದವರೆಲ್ಲ "ಅಮ್ಮನವರು ಒಳ್ಳೆಯ ಜಾಗಕ್ಕೆ ಹೋಗಿದ್ದಾರೆ, ಮತ್ತೆ ಸೇರ್ತೀರಿ ಬಿಡಿ" ಎನ್ನುತ್ತಾರಂತೆ. "ನನಗೆ ಚಿಕ್ಕಂದಿನಿಂದಲೂ ಪರಲೋಕದಲ್ಲಿ ನಂಬಿಕೆ ಇಲ್ಲ. ಈಗ ನಂಬೋಣವೆಂದರೂ ಆಗುತ್ತಿಲ್ಲ. ಹಾಗಾದರೆ ಇಷ್ಟು ವರ್ಷ ಬಾಳಿದ್ದಕ್ಕೆ ಅರ್ಥವೇನು?" ಎಂದು ಕೇಳಿ, ಕೊನೆಗೆ ಒಂದು ಸಾಲು ಸೇರಿಸಿದ್ದರು: "ಹಾಡು ಹಾಕಬೇಡಿ, ಉತ್ತರ ಕೊಡಿ."

ಎರಡು ಹಾಡುಗಳ ನಡುವೆ ಹೇಳಿ ಮುಗಿಸುವ ವಿಷಯವಲ್ಲ ಇದು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನಾನು ಕನ್ನಡ ಬಿ.ಎ. ಮಾಡಿದವನು, ತತ್ವಶಾಸ್ತ್ರದ ಪಂಡಿತನಲ್ಲ. ಓದಿದ್ದು, ಕಂಡಿದ್ದು ಅಷ್ಟನ್ನು ಹೇಳುತ್ತೇನೆ.

ಪರಲೋಕವಿಲ್ಲ ಎನ್ನುವ ಮಾತು ವಿದೇಶದಿಂದ ಬಂದದ್ದು ಎಂದು ಹಲವರು ತಿಳಿದಿದ್ದಾರೆ. ಹಾಗೇನಿಲ್ಲ. ನಮ್ಮ ಚಾರ್ವಾಕರು ಅದನ್ನು ಎಂದೋ ಹೇಳಿದ್ದರು. ಆದರೆ ಅವರ ಹೆಸರು ಕೇಳಿದೊಡನೆ ನಮಗೆ ನೆನಪಾಗುವುದು ಸಾಲ ಮಾಡಿ ತುಪ್ಪ ತಿನ್ನುವ ಕಥೆ! ಆ ಕಥೆಯನ್ನು ಜನಪ್ರಿಯ ಮಾಡಿದ್ದು 14ನೆಯ ಶತಮಾನದ, ವಿಜಯನಗರ ಕಾಲದ 'ಸರ್ವದರ್ಶನ ಸಂಗ್ರಹ'. ಅದು ಚಾರ್ವಾಕರನ್ನು ಒಪ್ಪದವರ ಪುಸ್ತಕ. ಎದುರು ಮನೆಯವರನ್ನು ಕೇಳಿ ನಮ್ಮ ಮನೆಯ ಅಡುಗೆ ಹೇಗಿದೆ ಎಂದು ತೀರ್ಮಾನಿಸಿದ ಹಾಗಾಯಿತು. ಪರಲೋಕ ನಂಬದವನು ತಿಂದುಂಡು ಮಲಗುವವನು ಎಂಬ ಭಾವನೆ ಮಾತ್ರ ಇಂದಿಗೂ ಉಳಿದುಬಿಟ್ಟಿದೆ.

ಅದು ನಿಜವೇ ಎಂದು ತಿಳಿಯಲು ಬಾಳಿದವರನ್ನು ನೋಡುವುದೇ ವಾಸಿ. ಎ.ಎನ್. ಮೂರ್ತಿರಾಯರನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. 1900ರಲ್ಲಿ ಹುಟ್ಟಿದ ಅವರು 2003ರವರೆಗೆ ಬದುಕಿದರು. ಅವರ 'ದೇವರು' ಪುಸ್ತಕ ಬಂದದ್ದು 1991ರಲ್ಲಿ, ಅಂದರೆ ತೊಂಬತ್ತು ದಾಟಿದ ಮೇಲೆ. ಆ ವಯಸ್ಸಿಗೆ ಬಹುಮಂದಿ "ಯಾತಕ್ಕೂ ಇರಲಿ" ಎಂದು ಕೈಮುಗಿಯಲು ಶುರುಮಾಡುತ್ತಾರೆ. ರಾಯರು ತಮಗೆ ಯಾಕೆ ನಂಬಲಾಗುವುದಿಲ್ಲ ಎಂಬುದನ್ನು ಸಿಟ್ಟಿಲ್ಲದೆ, ಯಾರನ್ನೂ ಹೀಯಾಳಿಸದೆ ಬರೆದಿಟ್ಟರು.

ಇನ್ನೊಬ್ಬರು ಡಾ. ಎಚ್. ನರಸಿಂಹಯ್ಯ, ಎಲ್ಲರ 'ಎಚ್ಚೆನ್'. ಗೌರಿಬಿದನೂರು ಬಳಿಯ ಹೊಸೂರಿನ ಬಡ ಮನೆಯ ಹುಡುಗ. 1942ರ ಚಳವಳಿಯಲ್ಲಿ ಜೈಲು ಕಂಡರು, ಅಮೆರಿಕದಲ್ಲಿ ಭೌತಶಾಸ್ತ್ರದ ಡಾಕ್ಟರೇಟ್ ಪಡೆದರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ದೊಡ್ಡ ಗದ್ದಲಕ್ಕೂ ಕಾರಣರಾದರು. ಇಷ್ಟೆಲ್ಲ ಆದ ಮನುಷ್ಯ ಮದುವೆಯಾಗದೆ, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಒಂದು ಕೋಣೆಯಲ್ಲೇ ಇದ್ದರು, ಖಾದಿ ಉಟ್ಟುಕೊಂಡು. 2005ರಲ್ಲಿ ತೀರಿಕೊಂಡಾಗ ಅಳುತ್ತ ಸಾಲು ನಿಂತದ್ದು ಅವರ ವಿದ್ಯಾರ್ಥಿಗಳು. ಸ್ವರ್ಗದ ಆಸೆಯಿಲ್ಲದ ಈ ಮನುಷ್ಯನ ಬದುಕಿನಲ್ಲಿ ತುಪ್ಪ ಎಲ್ಲಿದೆ, ಹುಡುಕಿ ನೋಡಿ.

ನಮ್ಮ ತೆಲುಗು ನಾಡಿನಲ್ಲೇ ಗೋರಾ ಇದ್ದರು. ಪೂರ್ತಿ ಹೆಸರು ಗೋಪರಾಜು ರಾಮಚಂದ್ರ ರಾವ್, ಸಸ್ಯಶಾಸ್ತ್ರದ ಅಧ್ಯಾಪಕರು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರ ಕಟ್ಟಿದರು. ಅದು 1947ರಲ್ಲಿ ವಿಜಯವಾಡಕ್ಕೆ ಬಂತು. ಅಸ್ಪೃಶ್ಯತೆ ಹೋಗಬೇಕು ಎನ್ನುವುದೇ ಅವರ ಹಟ. ಗಾಂಧೀಜಿಯವರ ಜೊತೆ ದೇವರ ಬಗ್ಗೆ ವಾದ ಮಾಡಿಯೂ ಅವರ ಪ್ರೀತಿ ಉಳಿಸಿಕೊಂಡವರು. ಗೋರಾ ಅವರ ಮಗಳು ದಲಿತ ಯುವಕನನ್ನು ಮದುವೆಯಾಗುವುದೆಂದು ನಿಶ್ಚಯವಾದಾಗ, ಸೇವಾಗ್ರಾಮದಲ್ಲೇ ಮಾಡೋಣ, ದೇವರ ಹೆಸರಿನ ಬದಲು ಸತ್ಯದ ಹೆಸರು ಹೇಳಿದರಾಯಿತು ಎಂದು ಗಾಂಧೀಜಿ ಒಪ್ಪಿದ್ದರು. ಅಷ್ಟರಲ್ಲಿ ಅವರ ಹತ್ಯೆಯಾಯಿತು. ಮದುವೆ 1948ರ ಮಾರ್ಚ್‌ನಲ್ಲಿ ಅಲ್ಲಿಯೇ ನಡೆಯಿತು. 1975ರಲ್ಲಿ ಗೋರಾ ಭಾಷಣ ಮಾಡುತ್ತಿದ್ದಾಗಲೇ ಕುಸಿದು ತೀರಿಕೊಂಡರು.

ಸರಿ, ದೊಡ್ಡವರ ಮಾತಾಯಿತು. ಪತ್ರ ಬರೆದ ಹಿರಿಯರು ಸಮಾಜ ಸುಧಾರಕರಲ್ಲ. ಅವರದು ಖಾಲಿ ಕುರ್ಚಿಯ ಪ್ರಶ್ನೆ. ಅಲ್ಲಿ ನನಗೆ ತೋಚುವುದು ಇಷ್ಟು. ಮುಗಿದುಹೋದದ್ದಕ್ಕೆ ಅರ್ಥವಿಲ್ಲ ಎಂದು ನಾವು ಬೇರೆ ಯಾವ ವಿಷಯದಲ್ಲಿಯೂ ಹೇಳುವುದಿಲ್ಲ. ಹಬ್ಬದ ಊಟ ಮುಗಿಯುತ್ತದೆ, ರಜ ಮುಗಿಯುತ್ತದೆ. ನನ್ನ ಕಸುಬನ್ನೇ ನೋಡಿ, ಬಾಯಿಂದ ಹೊರಟ ಮಾತು ಮರುಕ್ಷಣ ಇರುವುದಿಲ್ಲ. ಆದರೂ ಬೆಳಗಿನ ಹೊತ್ತು ಅದನ್ನು ಕೇಳಿ ನೀವು ನಕ್ಕದ್ದು ಸುಳ್ಳಾಗುವುದಿಲ್ಲವಲ್ಲ? ನಲವತ್ತಾರು ವರ್ಷ ನಡೆದದ್ದು ನಡೆದದ್ದೇ. ಇನ್ನು ಮುಂದೆ ಏನಾದರೂ, ಏನಾಗದಿದ್ದರೂ, ಅದನ್ನು ಯಾರೂ ಅಳಿಸಲಾರರು.

ಇದರಿಂದ ದುಃಖ ಕಡಿಮೆಯಾಗುತ್ತದೆಯೇ? ಇಲ್ಲ. ಆ ಸುಳ್ಳು ಹೇಳಲಾರೆ. ಮತ್ತೆ ಸೇರುತ್ತೇವೆ ಎಂದು ನಂಬಿದವರಿಗೆ ಸಿಗುವ ನೆಮ್ಮದಿ ನಂಬದವರಿಗೆ ಸಿಗುವುದಿಲ್ಲ. ಅದು ನಿಜವಾದ ನಷ್ಟವೇ. ನಮ್ಮ ತಂದೆಯೂ ನಂಬದವರಾಗಿದ್ದರು. ಅವರು ಹೋದಾಗ ತಿಥಿ ಮಾಡಬೇಕೋ ಬೇಡವೋ ಎಂದು ಮನೆಯಲ್ಲಿ ದೊಡ್ಡ ಮಾತಾಯಿತು. ಕೊನೆಗೆ ಅಮ್ಮನ ಮುಖ ನೋಡಿ ಎಲ್ಲ ಮಾಡಿದೆ. ಪಿಂಡ ಇಡುವಾಗ ನನಗೆ ಪಿತೃಲೋಕ ನೆನಪಾಗಲಿಲ್ಲ. ಸೈಕಲ್ಲಿನ ಮುಂದೆ ಕೂರಿಸಿಕೊಂಡು ಲೈಬ್ರರಿಗೆ ಕರೆದುಕೊಂಡು ಹೋಗುತ್ತಿದ್ದದ್ದು ನೆನಪಾಯಿತು. ನಾನು ಇವತ್ತು ಮೈಕಿನ ಮುಂದೆ ಕೂತಿರುವುದು ಆ ಲೈಬ್ರರಿಯಿಂದ. ಹಾಗೆ ನೋಡಿದರೆ ಅವರು ಪೂರ್ತಿ ಹೋಗಿಯೂ ಇಲ್ಲ.

ತಂದೆ ಒಂದು ಮಾತು ಮಾತ್ರ ಬರೆದಿಟ್ಟಿದ್ದರು: ಕಣ್ಣು ಕೊಡಿ. ಕೊಟ್ಟೆವು. ಇದರ ಬಗ್ಗೆ ಕೇಳುಗರಿಗೆ ಗೊತ್ತಿರಲಿ. ನಮ್ಮ ಬಂಜಾರಾ ಹಿಲ್ಸ್‌ನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯಲ್ಲಿ 1989ರಿಂದ ಕಣ್ಣಿನ ಬ್ಯಾಂಕ್ ಇದೆ. ಸಾವಾದ ಆರು ಗಂಟೆಯೊಳಗೆ ತೆಗೆದುಕೊಳ್ಳಬೇಕು, ಹಾಗಾಗಿ ತಕ್ಷಣ ಫೋನ್ ಮಾಡಬೇಕು. ಅವರು ಬರುವವರೆಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಫ್ಯಾನ್ ಆರಿಸಿ. ಕನ್ನಡಕ ಹಾಕಿದವರು, ಪೊರೆ ಆಪರೇಷನ್ ಆದವರು, ಸಕ್ಕರೆ ಕಾಯಿಲೆಯವರೂ ಕೊಡಬಹುದು. ಸಾಮಾನ್ಯವಾಗಿ ಉಪಯೋಗಕ್ಕೆ ಬರುವುದು ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಕಾರ್ನಿಯಾ. ಒಬ್ಬರ ಎರಡು ಕಣ್ಣು ಇಬ್ಬರಿಗೆ ದೃಷ್ಟಿ ಕೊಡಬಲ್ಲದು. ಮುಖ ವಿಕಾರವಾಗುತ್ತದೆ ಎಂಬ ಹೆದರಿಕೆ ಬೇಡ, ನಾನೇ ನೋಡಿದ್ದೇನೆ, ಮಲಗಿದ ಹಾಗೇ ಇದ್ದರು. ನೀವು ಬರೆದಿಟ್ಟರೆ ಸಾಲದು, ಮನೆಯವರಿಗೂ ಹೇಳಿಡಿ. ಆ ಹೊತ್ತಿಗೆ ಒಪ್ಪಿಗೆ ಕೊಡಬೇಕಾದವರು ಅವರೇ.

ಕಾಚಿಗುಡದ ಯಜಮಾನರೇ, ನಿಮ್ಮ ಪತ್ರದಲ್ಲಿ ಮನೆಯವರ ಬಗ್ಗೆ ಎರಡೇ ಸಾಲು ಬರೆದಿದ್ದೀರಿ. ಅದು ಸಾಲದು. ಅವರು ಏನು ಮಾಡುತ್ತಿದ್ದರು, ಯಾತಕ್ಕೆ ನಗುತ್ತಿದ್ದರು, ಯಾವ ಹಾಡು ಬಂದರೆ ಅಡುಗೆಮನೆಯಿಂದ ಹೊರಗೆ ಬರುತ್ತಿದ್ದರು, ಇನ್ನೊಂದು ಪತ್ರದಲ್ಲಿ ತಿಳಿಸಿ. ಹಾಡು ಹಾಕಬೇಡಿ ಎಂದಿದ್ದೀರಿ, ಗೊತ್ತು. ಆದರೂ ಹೆಸರು ಬರೆದು ಕಳಿಸಿ.