ಪೈಥಾನ್ ಸಿಡುಕಿದರೆ ಗಾಬರಿ ಬೇಡ!

ಹಪ್ಪಳ-ಸಂಡಿಗೆ ಮಾರಿದ ಲೆಕ್ಕ, ಸ್ತ್ರೀಶಕ್ತಿ ಸಂಘದ ಉಳಿತಾಯದ ಲೆಕ್ಕ – ಇವನ್ನೆಲ್ಲ ಪೈಥಾನ್‌ನಲ್ಲಿ ಮಾಡಲು ಹೊರಟ ಸೋದರಿಯರೇ, ಮೊದಲ ದಿನವೇ ಪರದೆಯ ಮೇಲೆ 'ಟೈಪ್‌ಎರರ್' ಎಂದು ಬಂತೇ? ಕಂಪ್ಯೂಟರ್ ಕೆಟ್ಟಿಲ್ಲ, ಚಿಂತಿಸಬೇಡಿ.

ಅಡುಗೆಮನೆಯ ಡಬ್ಬಿಗಳನ್ನೇ ನೋಡಿ. ಪುಡಿಯುಪ್ಪು, ಸಕ್ಕರೆ ನೋಡೋಕೆ ಒಂದೇ, ಗುಣ ಬೇರೆ. ಹಾಗೆಯೇ ಪೈಥಾನ್‌ಗೆ 60 ಎಂಬ ಸಂಖ್ಯೆ ಬೇರೆ, ಉದ್ಧರಣ ಚಿಹ್ನೆಯೊಳಗಿನ "60" ಬೇರೆ. ಮೊದಲನೆಯದು 'ಇಂಟ್'; ಎರಡನೆಯದು ಬರೀ ಅಕ್ಷರಗಳ ಮಾಲೆ, ಅಂದರೆ 'ಸ್ಟ್ರಿಂಗ್'. "60"ಕ್ಕೆ 5 ಕೂಡಿಸು ಎಂದರೆ ಅದು ಸುತರಾಂ ಒಪ್ಪೋದಿಲ್ಲ. ಟೈಪ್‌ಎರರ್ ಅಂದರೆ ಇಷ್ಟೇ.

ಈ ಗೊಂದಲ ಹುಟ್ಟುವುದೆಲ್ಲಿ? ಹೆಚ್ಚಾಗಿ 'ಇನ್‌ಪುಟ್' ಎಂಬ ಆಜ್ಞೆಯಲ್ಲಿ. ನೀವು ಕೀಲಿಮಣೆಯಲ್ಲಿ ಏನೇ ಒತ್ತಿರಿ, ಅದು ಸ್ಟ್ರಿಂಗ್ ಆಗಿಯೇ ಬರುತ್ತೆ.

ನಿಜವಾಗಿ ಎಚ್ಚರವಿರಬೇಕಾದ್ದು ಪೈಥಾನ್ ಸುಮ್ಮನಿದ್ದಾಗ! ಒಂದು ಪೊಟ್ಟಣಕ್ಕೆ "60" ಎಂದು ಬಂದ ಬೆಲೆಯನ್ನು 3 ಎಂಬ ಸಂಖ್ಯೆಯಿಂದ ಗುಣಿಸಿದರೆ 180 ಬರೋದಿಲ್ಲ; "606060" ಬರುತ್ತೆ. "60", "40" ಕೂಡಿಸಿದರೆ "6040"! ಚಕಾರವೆತ್ತದೆ ತಪ್ಪು ಲೆಕ್ಕ ಕೊಡುತ್ತೆ. ಹತ್ತು ಹೆಂಗಸರು ನಂಬಿ ಕೊಟ್ಟ ದುಡ್ಡಿನ ಲೆಕ್ಕ ಹೀಗಾದರೆ ಸಂಘದಲ್ಲಿ ಮುಖ ತೋರಿಸೋದು ಹೇಗೆ? ಸಿಡುಕುವ ಪೈಥಾನೇ ನಮ್ಮ ಹಿತೈಷಿ.

ಈಗ ಪರಿಹಾರ:

* ದೋಷದ ಸಂದೇಶದಲ್ಲಿ ಕೊನೆಯ ಸಾಲನ್ನು ಮೊದಲು ಓದಿ. ಏನು ತಪ್ಪಾಯಿತೆಂದು ಅಲ್ಲಿರುತ್ತೆ. ಎಷ್ಟನೇ ಸಾಲಿನಲ್ಲಿ ಎಂಬುದು ಅದರ ಮೇಲೆ.

* ಅನುಮಾನ ಬಂದರೆ 'ಟೈಪ್' ಆಜ್ಞೆ ಕೊಟ್ಟು ಕೇಳಿ. ಯಾವ ಡಬ್ಬಿಯಲ್ಲಿ ಏನಿದೆಯೆಂದು ಹೇಳಿಬಿಡುತ್ತೆ.

* ಇನ್‌ಪುಟ್ ಅನ್ನು 'ಇಂಟ್' ಆಜ್ಞೆಯ ಆವರಣದೊಳಗೆ ಇಡಿ. ಆಗ "60" ಸಂಖ್ಯೆಯಾಗುತ್ತೆ. ಪೈಸೆಯೂ ಇದ್ದರೆ ಇಂಟ್ ಬದಲು 'ಡೆಸಿಮಲ್' ಬಳಸಿ.

* "1,250" ಎಂದು ಅಲ್ಪವಿರಾಮ ಹಾಕಿದರೂ, "60 ರೂ." ಎಂದು ಬರೆದರೂ ಇಂಟ್ ಒಪ್ಪದು, 'ವ್ಯಾಲ್ಯೂಎರರ್' ಎನ್ನುತ್ತೆ. ಬರೀ ಅಂಕಿ ಒತ್ತಿ. ಕನ್ನಡದ ೬೦ ಆದರೂ ಸರಿಯೇ, ಅದಕ್ಕೆ ಅರ್ಥವಾಗುತ್ತೆ!

* "ಒಟ್ಟು" ಎಂಬ ಪದಕ್ಕೆ 180 ಅನ್ನು ಕೂಡಿಸುವ ಚಿಹ್ನೆಯಿಂದ ಅಂಟಿಸಬೇಡಿ. 'ಪ್ರಿಂಟ್' ಆಜ್ಞೆಯಲ್ಲಿ ಎರಡರ ನಡುವೆ ಅಲ್ಪವಿರಾಮ ಸಾಕು.

ಕೊನೆಯದಾಗಿ, ಬಾಯಿಲೆಕ್ಕ ಬಿಡಬೇಡಿ. 60 ರೂಪಾಯಿಯ 3 ಪೊಟ್ಟಣವೆಂದು ಕೊಟ್ಟು ನೋಡಿ. 180 ಬಂದರೆ ಮಾತ್ರ ಸಂಘದ ಲೆಕ್ಕಕ್ಕೆ ಕೈ ಹಾಕಿ.