ದೂರದ ಯಂತ್ರಕ್ಕೊಂದು ವ್ಯಾಕರಣ

‘ಅವನು ಬೆಂಕಿಯಿಂದ ಗಿಡವನ್ನು ನೆನೆಸಿದನು’ ಎಂಬ ವಾಕ್ಯದಲ್ಲಿ ಕರ್ತೃ, ಕರ್ಮ, ಕ್ರಿಯೆಗಳೆಲ್ಲ ಇವೆ, ವಿಭಕ್ತಿಯೂ ತಪ್ಪಿಲ್ಲ. ಆದರೂ ಅರ್ಥ ಹೊಂದದು. ನೆನೆಸುವ ಯೋಗ್ಯತೆ ಬೆಂಕಿಗಿಲ್ಲ. ಆಕಾಂಕ್ಷೆ, ಸನ್ನಿಧಿಗಳೊಡನೆ ಯೋಗ್ಯತೆಯೂ ವಾಕ್ಯಕ್ಕೆ ಬೇಕೆಂದರು ನಮ್ಮ ಶಾಸ್ತ್ರಕಾರರು. ಕಂಪ್ಯೂಟರುಗಳ ಮಾತುಕತೆಗೂ ಈ ನಿಯಮ ಸಲ್ಲುತ್ತದೆ.

ಪ್ರೋಗ್ರಾಮು ಬರೆಯಲು ಕಲಿಯುವ ವಿದ್ಯಾರ್ಥಿಗೆ ಅದನ್ನು ತನ್ನಲ್ಲಿಯೇ ಓಡಿಸಿ ನೋಡುವ ಅನುಕೂಲವಿಲ್ಲದಿರಬಹುದು. ಆಗ ಅದನ್ನು ದೂರದ ಯಂತ್ರಕ್ಕೆ ಕಳುಹಿಸಿ ಫಲವನ್ನು ತರಿಸಿಕೊಳ್ಳಬಹುದು. ‘ಜಡ್ಜ್ ಝೀರೋ’ ಅಂಥದೊಂದು ಸೇವೆ. ಕಳುಹಿಸುವ ಓಲೆಯಲ್ಲಿ ಪ್ರೋಗ್ರಾಮು, ಅದರ ಭಾಷೆಯನ್ನು ಸೂಚಿಸುವ ಸಂಖ್ಯೆ, ಅದಕ್ಕೆ ಉಣಿಸಬೇಕಾದ ಮಾಹಿತಿ ಇರುತ್ತವೆ. ಸೇವೆಯು ಒಂದು ಟೋಕನ್ ಕೊಡುತ್ತದೆ. ಅದನ್ನು ತೋರಿಸಿ ಮತ್ತೆ ವಿಚಾರಿಸಬೇಕು. ಸ್ಥಿತಿಯ ಅಂಕೆ 1 ಆದರೆ ಸರದಿಯಲ್ಲಿದೆ, 2 ಆದರೆ ನಡೆಯುತ್ತಿದೆ, 3 ಆದರೆ ಅಂಗೀಕೃತವಾಗಿದೆ ಎಂದು ತಿಳಿಯಬೇಕು.

ತೊಡಕು ಇರುವುದು ಉತ್ತರವನ್ನು ಓದುವುದರಲ್ಲಿ. ಪ್ರೋಗ್ರಾಮು ಓಡಲು ಹಿಡಿದ ಕಾಲವು ಸಂಖ್ಯೆಯಾಗಿ ಬಾರದೆ ಅಕ್ಷರಗಳ ಸಾಲಾಗಿ ಬರುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಅಂಥ ‘0.5’ ಎರಡನ್ನು ಕೂಡಿಸಿದರೆ 1 ಆಗದು, ‘0.50.5’ ಎಂಬ ಅರ್ಥವಿಲ್ಲದ ಸಾಲಾಗುತ್ತದೆ. ಅದು ಕಾಲಮಿತಿಯೊಳಗಿದೆಯೆ ಎಂದು ಕೇಳಿದರೆ ‘ಇಲ್ಲ’ವೆಂದೇ ಉತ್ತರ. ಹುಡುಗನ ಲೆಕ್ಕ ಸರಿಯಿದ್ದೂ ಅಂಕ ಹೋಗುತ್ತದೆ. ತಪ್ಪು ಎಲ್ಲಿಯದೆಂದು ಅವನಿಗೆ ತಿಳಿಯುವುದೂ ಇಲ್ಲ.

ಇದಕ್ಕೆ ಪರಿಹಾರವೇ ಟೈಪುಗಳುಳ್ಳ ಲೈಬ್ರರಿ. ದೂರದ ಕೆಲಸವನ್ನು ಮನೆಯ ಕೆಲಸದಂತೆಯೇ ಕರೆಯುವ ಕ್ರಮವನ್ನು 1984ರಲ್ಲಿ ಆಂಡ್ರೂ ಬಿರೆಲ್, ಬ್ರೂಸ್ ನೆಲ್ಸನ್ ಎಂಬವರು ತಮ್ಮ ಲೇಖನದಲ್ಲಿ ವಿವರಿಸಿದರು. 2012ರಲ್ಲಿ ಪ್ರಕಟವಾದ ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿ ಇಂಥ ಲೈಬ್ರರಿಯನ್ನು ಬರೆದಾಗ, ಓಲೆಯ ಪ್ರತಿಯೊಂದು ಸ್ಥಾನಕ್ಕೂ ತಕ್ಕ ಜಾತಿಯ ವಸ್ತು ಯಾವುದೆಂದು ಮೊದಲೇ ನಿಗದಿಯಾಗಿರುತ್ತದೆ. ಅಕ್ಷರಗಳ ಸಾಲನ್ನು ಸಂಖ್ಯೆಯ ಸ್ಥಾನದಲ್ಲಿಟ್ಟರೆ ಪ್ರೋಗ್ರಾಮು ಓಡುವ ಮೊದಲೇ ದೋಷ ಹೊರಬೀಳುತ್ತದೆ. ಏನೂ ಮುದ್ರಣವಾಗದೆ ಉತ್ತರದ ಸ್ಥಾನ ಬರಿದಾಗಿರಬಹುದೆಂಬ ಎಚ್ಚರಿಕೆಯೂ ದೊರೆಯುತ್ತದೆ.

ಆದರೆ ಇದರ ಮಿತಿಯನ್ನೂ ವಾಚಕರು ಅರಿತಿರಬೇಕು. ಟೈಪ್‌ಸ್ಕ್ರಿಪ್ಟಿನ ಟೈಪುಗಳು ಬರೆಯುವಾಗ ಕಾಯುತ್ತವೆ, ಓಡುವಾಗ ಉಳಿಯುವುದಿಲ್ಲ. ಆದುದರಿಂದ ಬಂದ ಉತ್ತರವನ್ನು ಬಾಗಿಲಲ್ಲೇ ಪರೀಕ್ಷಿಸಿ ಒಳಗೆ ಬಿಟ್ಟುಕೊಳ್ಳಬೇಕು. ಅಪರಿಚಿತರ ಪ್ರೋಗ್ರಾಮು ದೂರದ ಯಂತ್ರಕ್ಕೆ ಹಾನಿಮಾಡದಂತೆ ತಡೆಯುವ ಬೇಲಿಯೇ ಬೇರೆ. ಜಡ್ಜ್ ಝೀರೋವಿನ ಆ ಬೇಲಿಯಲ್ಲಿ 2024ರಲ್ಲಿ ಬಿರುಕುಗಳು ಕಂಡು, ತಿದ್ದುಪಡಿಯಾಯಿತು. ಟೈಪುಗಳಿವೆಯೆಂದು ಈ ಎರಡು ಕಾವಲುಗಳನ್ನು ಕೈಬಿಡಲಾಗದು.